ಟ್ಯಾಪೆಟ್ ಸದ್ದು ನಿಂತಿತು, ಬೆಳಗಿನ ಸ್ಟಾರ್ಟಿಂಗೂ ನಿಂತಿತು

ಪ್ರಶ್ನೆ: ನನ್ನದು 2016ರ ಹೋಂಡಾ ಶೈನ್ 125, ಕಾರ್ಬುರೇಟರ್ ಗಾಡಿ. 46 ಸಾವಿರ ಕಿ.ಮೀ. ಓಡಿದೆ. 38 ಸಾವಿರದ ಹೊತ್ತಿಗೆ ಇಂಜಿನ್ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಊರಿನ ಮೆಕ್ಯಾನಿಕ್ ಗಾಡಿ ಆನ್ ಇಟ್ಟುಕೊಂಡೇ ಟ್ಯಾಪೆಟ್ ಟೈಟ್ ಮಾಡಿಕೊಟ್ಟರು, ಸದ್ದು ಪೂರ್ತಿ ನಿಂತಿತು. ಈಗ ನಾಲ್ಕೈದು ತಿಂಗಳಿಂದ ಬೆಳಿಗ್ಗೆ ಚೋಕ್ ಎಳೆದರೂ ಹತ್ತು-ಹದಿನೈದು ಕಿಕ್ ಬೇಕು. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತದೆ. ಹೈವೇಯಲ್ಲಿ ಮಾತ್ರ ಚೆನ್ನಾಗಿಯೇ ಓಡುತ್ತದೆ. 60 ಕೊಡುತ್ತಿದ್ದ ಮೈಲೇಜ್ 48ಕ್ಕೆ ಇಳಿದಿದೆ. ಪ್ಲಗ್ ಹೊಸದು ಹಾಕಿಸಿದೆ, ಕಾರ್ಬುರೇಟರ್ ಎರಡು ಸಲ ಕ್ಲೀನ್ ಮಾಡಿಸಿದೆ. ಈಗ ಹಾಫ್ ಇಂಜಿನ್ ಮಾಡಿಸಲೇಬೇಕು ಎನ್ನುತ್ತಿದ್ದಾರೆ. ಟ್ಯಾಪೆಟ್ ನೋಡಿ ಎಂದರೆ ‘ಸದ್ದೇ ಇಲ್ಲವಲ್ಲ, ಅದನ್ನೇನು ನೋಡೋದು’ ಎನ್ನುತ್ತಾರೆ. ಏನು ಮಾಡಲಿ? ಟ್ಯಾಪೆಟ್ಟನ್ನು ಎಷ್ಟು ಕಿ.ಮೀ.ಗೆ ಒಮ್ಮೆ ನೋಡಿಸಬೇಕು?

ಉತ್ತರ: ಹಾಫ್ ಇಂಜಿನ್‌ಗೆ, ಅಂದರೆ ಪಿಸ್ಟನ್-ಬೋರ್ ಬದಲಿಸುವ ಕೆಲಸಕ್ಕೆ, ಈಗಲೇ ಒಪ್ಪಿಕೊಳ್ಳಬೇಡಿ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೊದಲ ಅನುಮಾನ ಹೋಗಬೇಕಾದದ್ದು ಎಕ್ಸಾಸ್ಟ್ ವಾಲ್ವಿನ (ಉರಿದ ಹೊಗೆಯನ್ನು ಹೊರಬಿಡುವ ವಾಲ್ವಿನ) ಗ್ಯಾಪ್ ಮೇಲೆ. ‘ಸದ್ದೇ ಇಲ್ಲ’ ಎಂಬ ಮಾತು ಆ ಅನುಮಾನವನ್ನು ಕಡಿಮೆ ಮಾಡುವುದಿಲ್ಲ, ಗಟ್ಟಿ ಮಾಡುತ್ತದೆ. ಲೂಸಾದ ಟ್ಯಾಪೆಟ್ ಕೂಗಿ ಹೇಳುತ್ತದೆ. ಟೈಟಾದ ಟ್ಯಾಪೆಟ್ ಬಾಯಿಬಿಡದೆ ವಾಲ್ವನ್ನು ಸುಟ್ಟುಹಾಕುತ್ತದೆ. ನಮ್ಮ ಕಡೆ ಟ್ಯಾಪೆಟ್ ಸೆಟ್ಟಿಂಗ್ ಎಂದರೆ ಸದ್ದು ನಿಲ್ಲಿಸುವ ಕೆಲಸ ಎಂದೇ ರೂಢಿಯಾಗಿಬಿಟ್ಟಿದೆ. ಅಸಲಿಗೆ ಅದು ಗ್ಯಾಪ್ ಉಳಿಸುವ ಕೆಲಸ.

ವಾಲ್ವ್ ಕಡ್ಡಿಯ ತಲೆಗೂ ಅದನ್ನು ಒತ್ತುವ ರಾಕರ್ ಎಂಬ ತೋಳಿನ ಸ್ಕ್ರೂಗೂ (ಟ್ಯಾಪೆಟ್ ಎನ್ನುವುದು ಇದನ್ನೇ) ನಡುವಿನ ಆ ಗ್ಯಾಪ್ ಎಷ್ಟು ಸಣ್ಣದು ಗೊತ್ತೇ? ನಿಮ್ಮ ಇಂಜಿನ್‌ಗೆ ಇನ್ಲೆಟ್ 0.08 ಮಿ.ಮೀ., ಎಕ್ಸಾಸ್ಟ್ 0.12 ಮಿ.ಮೀ. ಜೆರಾಕ್ಸ್ ಅಂಗಡಿಯ ಸಾಮಾನ್ಯ ಹಾಳೆಯ ದಪ್ಪ ಸುಮಾರು 0.10 ಮಿ.ಮೀ. ಅಂದರೆ ಒಂದು ಕಡೆ ಹಾಳೆಗಿಂತ ತುಸು ತೆಳು, ಇನ್ನೊಂದು ಕಡೆ ತುಸು ದಪ್ಪ. ಇಷ್ಟು ಸಣ್ಣ ಜಾಗವನ್ನು ಕಿವಿಯಿಂದಲೋ, ರಾಕರನ್ನು ಬೆರಳಲ್ಲಿ ಅಲ್ಲಾಡಿಸಿಯೋ ಅಳೆಯಲು ಆಗುವುದಿಲ್ಲ, ಎಷ್ಟೇ ಅನುಭವಸ್ಥರಿಗೂ. ಇಂಜಿನ್ ಓಡುತ್ತಿರುವಾಗ ಸ್ಕ್ರೂ ತಿರುಗಿಸುತ್ತಾ ಸದ್ದು ನಿಂತ ಕಡೆ ನಿಲ್ಲಿಸಿದರೆ ಬಹುಪಾಲು ಅದು ಸೊನ್ನೆಯ ಹತ್ತಿರವೇ ನಿಂತಿರುತ್ತದೆ.

ಈ ಗ್ಯಾಪ್ ಯಾಕೆ ಬೇಕು ಎಂಬುದು ಸ್ಪಷ್ಟವಾದರೆ ಮುಂದಿನದೆಲ್ಲ ಸುಲಭ. ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್, ತಿರುಗಿ ರಾಕರನ್ನು ಎತ್ತುತ್ತದೆ, ರಾಕರಿನ ತುದಿಯ ಸ್ಕ್ರೂ ವಾಲ್ವ್ ಕಡ್ಡಿಯ ತಲೆ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ಕ್ಯಾಮ್ ಒತ್ತಡ ಬಿಟ್ಟಾಗ ಸ್ಪ್ರಿಂಗ್ ವಾಲ್ವನ್ನು ಎಳೆದು ಅದರ ಸೀಟಿನ (ವಾಲ್ವ್ ಕೂತು ಮುಚ್ಚುವ ಉಂಗುರದ) ಮೇಲೆ ಕೂರಿಸುತ್ತದೆ. ಇಂಜಿನ್ 6,000 ಆರ್‌ಪಿಎಂನಲ್ಲಿ ಇದ್ದರೆ ಕ್ಯಾಮ್ 3,000 ಸುತ್ತು ತಿರುಗುತ್ತದೆ, ಅಂದರೆ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ಎದ್ದು ಕೂರಬೇಕು. ಕೂತಾಗ ಪೂರ್ತಿ ಕೂರಬೇಕು, ಸುತ್ತಲೂ ಎಲ್ಲೂ ಸಂದು ಬಿಡಬಾರದು. ಬಿಸಿಗೆ ಕಡ್ಡಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಬಿಡದಿದ್ದರೆ ವಾಲ್ವ್ ಸೀಟಿನ ಮೇಲೆ ಕೂರುವ ಮೊದಲೇ ಕಡ್ಡಿಯ ತಲೆ ರಾಕರ್ ಸ್ಕ್ರೂಗೆ ತಾಗಿ ನಿಲ್ಲುತ್ತದೆ. ಎಕ್ಸಾಸ್ಟ್‌ಗೆ ಹೆಚ್ಚು ಗ್ಯಾಪ್ ಕೊಡುವುದೂ ಇದೇ ಕಾರಣಕ್ಕೆ. ಇನ್ಲೆಟ್ ವಾಲ್ವಿಗೆ ಪ್ರತಿ ಸಲವೂ ಹೊಸ ಗಾಳಿ-ಪೆಟ್ರೋಲಿನ ತಂಪು ಸಿಗುತ್ತದೆ. ಎಕ್ಸಾಸ್ಟ್ ವಾಲ್ವಿನ ಮೇಲೆ ಹಾಯುವುದು ಉರಿದ ಬೆಂಕಿ ಮಾತ್ರ. ಜೋರಾಗಿ ಓಡಿಸುವಾಗ ಅದರ ತಲೆ 600-700 ಡಿಗ್ರಿ ಮುಟ್ಟುತ್ತದೆ.

ಅಷ್ಟು ಬಿಸಿಯಾದದ್ದು ತಣ್ಣಗಾಗುವುದು ಎಲ್ಲಿ? ಸ್ವಲ್ಪ ಕಡ್ಡಿಯ ಮೂಲಕ ಅದು ಜಾರುವ ಕೊಳವೆಗೆ, ಅಂದರೆ ಗೈಡಿಗೆ, ಹೋಗುತ್ತದೆ. ದೊಡ್ಡ ಪಾಲು ಹೋಗುವುದು ವಾಲ್ವ್ ಮುಚ್ಚಿ ಕೂತಾಗ ಸೀಟಿನ ಮೂಲಕ, ಅಲ್ಲಿಂದ ಹೆಡ್ಡಿಗೆ (ಇಂಜಿನ್ನಿನ ಮೇಲ್ಭಾಗಕ್ಕೆ), ಹೆಡ್ಡಿನಿಂದ ಗಾಳಿಗೆ. ಹಾಗಾಗಿ ಸೀಟು ಎಂದರೆ ಬರೀ ಮುಚ್ಚಳದ ಅಂಚಲ್ಲ, ಅದು ವಾಲ್ವಿನ ತಂಪಿನ ದಾರಿ. ಗ್ಯಾಪ್ ಸೊನ್ನೆಯಾಗಿ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿದರೆ ಎರಡು ಅನಾಹುತ ಒಟ್ಟಿಗೆ ಆಗುತ್ತವೆ: ತಣ್ಣಗಾಗುವ ದಾರಿ ಮುಚ್ಚುತ್ತದೆ, ಆ ಸಂದಿನಿಂದಲೇ ಬೆಂಕಿ ಹಾಯತೊಡಗುತ್ತದೆ. ಅಂಚಿನ ಒಂದು ಜಾಗ ಕೆಂಪಗೆ ಕಾದು, ಗ್ಯಾಸ್ ಕಟ್ಟರ್ ಹಿಡಿದ ಹಾಗೆ ಅಲ್ಲೊಂದು ಗೀರು ಬೀಳುತ್ತದೆ. ಗೀರು ಬಿದ್ದ ಮೇಲೆ ಟ್ಯಾಪೆಟ್ ಎಷ್ಟು ಸರಿ ಮಾಡಿದರೂ ಕಂಪ್ರೆಷನ್ (ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವ ಬಲ) ವಾಪಸ್ ಬರುವುದಿಲ್ಲ, ಹೆಡ್ ಬಿಚ್ಚಲೇಬೇಕು. ಟ್ಯಾಪೆಟ್ ಟೈಟ್ ಇರುವ ಗಾಡಿಯನ್ನು ‘ಓಡ್ತಾ ಇದೆಯಲ್ಲ, ಮುಂದಿನ ತಿಂಗಳು ನೋಡೋಣ’ ಎಂದು ಬಿಡಬಾರದು ಎನ್ನುವುದು ಇದಕ್ಕೇ.

ಈಗ ನಿಮ್ಮ ಗಾಡಿಯ ಲಕ್ಷಣಗಳನ್ನು ಇದಕ್ಕೆ ಹೊಂದಿಸಿ ನೋಡಿ. ಕಿಕ್ ಹೊಡೆಯುವಾಗ ಪಿಸ್ಟನ್ ನಿಧಾನವಾಗಿ ಮೇಲೇರುತ್ತದೆ, ಸಣ್ಣ ಸಂದಿನಿಂದ ಗಾಳಿ ಸೋರಿಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ. ಕಂಪ್ರೆಷನ್ ಸಾಲದೆ ಸ್ಟಾರ್ಟ್ ಆಗುವುದಿಲ್ಲ. ಐಡ್ಲಿಂಗ್‌ನಲ್ಲೂ ಇದೇ ಕತೆ, ಜೊತೆಗೆ ಬಿಸಿಗೆ ಕಡ್ಡಿ ಇನ್ನಷ್ಟು ಉದ್ದವಾಗಿ ಸಂದು ದೊಡ್ಡದಾಗಿರುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಹೈವೇಯಲ್ಲಿ 5,000 ಆರ್‌ಪಿಎಂಗೆ ಹೋದಾಗ ಪಿಸ್ಟನ್ ಎಷ್ಟು ಬೇಗ ಮೇಲೇರುತ್ತದೆ ಎಂದರೆ ಸೋರಲು ಸಮಯವೇ ಇರುವುದಿಲ್ಲ, ಗಾಡಿ ಸರಿಯಿದೆ ಎನಿಸುತ್ತದೆ. ಆದರೆ ವಾಲ್ವ್ ಅತಿ ಹೆಚ್ಚು ಸುಡುವುದು ಅದೇ ಹೈವೇಯಲ್ಲಿ. ಸರಿಪಡಿಸುವ ತನಕ ದೂರದ ಓಟ ಬೇಡ.

ಆಕ್ಸಿಲೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟ್ ಪಟ್ ಎನ್ನುತ್ತಿದೆಯೇ, ಗಮನಿಸಿ. ಎಕ್ಸಾಸ್ಟ್ ವಾಲ್ವ್ ಸೋರಿದರೂ ಅದು ಬರುತ್ತದೆ. ಬೆಂಡ್ ಪೈಪಿನ ಗ್ಯಾಸ್ಕೆಟ್ ಹೋಗಿದ್ದರೂ ಬರುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಗ್ಯಾಪ್ ತಾನಾಗಿ ಬದಲಾಗುವುದು ಹೇಗೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಸವೆದರೆ ಎಲ್ಲವೂ ಲೂಸೇ ಆಗುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಕ್ಯಾಮಿನ ಉಬ್ಬು, ರಾಕರ್, ಸ್ಕ್ರೂ ತುದಿ, ಕಡ್ಡಿಯ ತಲೆ ಇವು ಸವೆದರೆ ಗ್ಯಾಪ್ ಹೆಚ್ಚುತ್ತದೆ, ನಿಜ. ಆದರೆ ವಾಲ್ವಿನ ಅಂಚೂ ಸೀಟೂ ಸವೆದರೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಕಡ್ಡಿ ಅಷ್ಟೇ ಮೇಲಕ್ಕೆ ಬಂದು ರಾಕರಿಗೆ ಹತ್ತಿರವಾಗುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಒಂದೇ ಇಂಜಿನ್‌ನಲ್ಲಿ ಇನ್ಲೆಟ್ ಲೂಸಾಗಿ ಎಕ್ಸಾಸ್ಟ್ ಟೈಟಾಗಿರುವುದು ತೀರಾ ಸಾಮಾನ್ಯ. ಆಗ ಇನ್ಲೆಟ್ ಸದ್ದು ಮಾಡುತ್ತಿರುತ್ತದೆ, ‘ಎರಡನ್ನೂ ಸ್ವಲ್ಪ ಟೈಟ್ ಮಾಡು’ ಎಂದು ಎಕ್ಸಾಸ್ಟಿನ ಉಳಿದ ಗ್ಯಾಪನ್ನೂ ತೆಗೆದುಬಿಡುತ್ತಾರೆ. ನಿಮ್ಮ ಗಾಡಿಯಲ್ಲೂ ಹೀಗೇ ಆಗಿರಬಹುದು. ಎಲ್‌ಪಿಜಿ, ಸಿಎನ್‌ಜಿ ಆಟೋಗಳಲ್ಲಿ ಸೀಟು ಇನ್ನೂ ಬೇಗ ಇಳಿಯುತ್ತದೆ. ಒಣ ಗ್ಯಾಸಿಗೆ ಪೆಟ್ರೋಲಿನ ಹಾಗೆ ವಾಲ್ವನ್ನು ಒದ್ದೆ ಮಾಡಿ ತಂಪಿಡುವ ಗುಣವಿಲ್ಲ.

ಲೂಸಾಗಿದ್ದರೆ ಪರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಕ್ಯಾಮಿನ ಉಬ್ಬಿಗೆ ಎರಡೂ ಕಡೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ, ವಾಲ್ವನ್ನು ಮೆತ್ತಗೆ ಎತ್ತಿ ಮೆತ್ತಗೆ ಇಳಿಸಲಿ ಎಂದು. ಗ್ಯಾಪ್ ಹೆಚ್ಚಾದರೆ ಆ ಇಳಿಜಾರು ಗಾಳಿಯಲ್ಲೇ ಕಳೆದುಹೋಗುತ್ತದೆ. ರಾಕರ್ ಸುತ್ತಿಗೆಯ ಹಾಗೆ ಬಡಿಯುತ್ತದೆ, ಕಡ್ಡಿಯ ತಲೆ ಅಣಬೆಯಂತೆ ಅಗಲವಾಗುತ್ತದೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುವುದರಿಂದ ಪಿಕಪ್ ಇಳಿಯುತ್ತದೆ. ಆದರೂ ಎರಡರಲ್ಲಿ ಒಂದು ತಪ್ಪು ಆಗಲೇಬೇಕೆಂದಿದ್ದರೆ 0.02 ಲೂಸಿನ ಕಡೆಗೇ ಆಗಲಿ.

ಈಗ ಕೆಲಸಕ್ಕೆ ಬರೋಣ. ನೀವೇ ಮಾಡಿದರೂ ಸರಿ, ಪಕ್ಕದಲ್ಲಿ ನಿಂತು ಮಾಡಿಸಿದರೂ ಸರಿ.

ಇಂಜಿನ್ ಪೂರ್ತಿ ತಣ್ಣಗಿರಬೇಕು. 0.08, 0.12 ಎಂಬ ಲೆಕ್ಕ ಇಂಜಿನ್ 35 ಡಿಗ್ರಿಗಿಂತ ಕಡಿಮೆ ಇರುವಾಗಿನದು. ‘ಅರ್ಧ ಗಂಟೆ ನಿಲ್ಲಿಸಿದ್ದೀನಿ, ಸಾಕು’ ಎನ್ನುವುದು ನಡೆಯುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆಯೇ ಬಿಚ್ಚಬೇಕು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಅಲ್ಲಿ ಈ ಕೆಲಸಕ್ಕೆ ಬೆಳಗಿನ ಆರು-ಏಳು ಗಂಟೆಯೇ ಸರಿಯಾದ ಹೊತ್ತು. ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ಕೂತು ಮಾಡಿಸಿಕೊಂಡು ಬರುವ ಕೆಲಸ ಇದಲ್ಲ, ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ.

ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿಗಳ ಸೆಟ್) ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸೆಟ್‌ಗಳಲ್ಲಿ ಪಟ್ಟಿಗಳು 0.05, 0.10, 0.15 ಎಂದು ಏರುತ್ತವೆ. ಅದರಲ್ಲಿ ನಿಮಗೆ ಬೇಕಾದ 0.08 ಇಲ್ಲ, 0.12 ಇಲ್ಲ. 0.02ರಿಂದಲೋ 0.03ರಿಂದಲೋ ಶುರುವಾಗಿ 0.10ರವರೆಗೆ 0.01ರ ಹೆಜ್ಜೆಯಲ್ಲಿ ಏರುವ ಸೆಟ್ ಕೇಳಿ ತೆಗೆದುಕೊಳ್ಳಿ. 0.12ರ ಪಟ್ಟಿ ಇಲ್ಲದಿದ್ದರೆ 0.05 ಮತ್ತು 0.07 ಜೋಡಿಸಿ ಹಿಡಿಯಬಹುದು, ಆದರೆ ನಡುವೆ ಎಣ್ಣೆಯ ಪದರ, ಧೂಳು ಉಳಿಯದಂತೆ ಎರಡನ್ನೂ ಒರೆಸಿಕೊಳ್ಳಿ. ಮಡಿಚಿಹೋದ, ಅಂಚು ಸೊಟ್ಟಗಾದ ಪಟ್ಟಿ ಸುಳ್ಳು ಹೇಳುತ್ತದೆ, ಎಸೆದುಬಿಡಿ.

ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ, ಟ್ಯಾಂಕ್ ಅಡ್ಡವಾದರೆ ಇಳಿಸಿ. ಹೆಡ್ಡಿನ ಸುತ್ತ, ಪ್ಲಗ್ಗಿನ ಗುಂಡಿಯಲ್ಲಿ ಕೂತ ಮಣ್ಣನ್ನು ಬ್ರಷ್ಷಿನಿಂದ ಬಿಡಿಸಿ ಗಾಳಿ ಹೊಡೆಯಿರಿ. ನಮ್ಮ ರಸ್ತೆಯ ಕೆಂಪು ಧೂಳು ತೆರೆದ ಹೆಡ್ಡಿನೊಳಗೆ ಬಿದ್ದರೆ ಕ್ಯಾಮಿಗೆ ಮರಳು ಕಾಗದ ಹಾಕಿದ ಹಾಗೆ. ಆಮೇಲೆ ಪ್ಲಗ್ ಬಿಚ್ಚಿ, ಇಂಜಿನ್ ಕೈಯಲ್ಲಿ ತಿರುಗಿಸಲು ಹಗುರವಾಗುತ್ತದೆ. ಕೆಲವು ಇಂಜಿನ್‌ಗಳಲ್ಲಿ ಪ್ರತಿ ವಾಲ್ವಿಗೆ ಒಂದೊಂದು ದುಂಡು ಮುಚ್ಚಳ ಇರುತ್ತದೆ, ಕೆಲವುದರಲ್ಲಿ ಹೆಡ್ ಕವರ್ ಪೂರ್ತಿ ಬರುತ್ತದೆ. ಯಾವುದೇ ಆದರೂ ಒಳಗಿನ ರಬ್ಬರ್ ಎಲ್ಲಿ ಹೇಗೆ ಕೂತಿತ್ತು ಎಂದು ನೋಡಿಟ್ಟುಕೊಳ್ಳಿ.

ಎಡಗಡೆ ಮ್ಯಾಗ್ನೆಟ್ ಕವರಿನಲ್ಲಿ ಎರಡು ಮುಚ್ಚಳಗಳಿವೆ. ನಡುವಿನ ದೊಡ್ಡದರೊಳಗೆ ಕ್ರ್ಯಾಂಕ್ ತಿರುಗಿಸುವ ಬೋಲ್ಟ್ ಇದೆ, ಮೇಲಿನ ಚಿಕ್ಕದರಲ್ಲಿ ಟೈಮಿಂಗ್ ಗುರುತು ಕಾಣುತ್ತದೆ. ಸಾಕೆಟ್ ಹಾಕಿ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ನಿಧಾನವಾಗಿ ತಿರುಗಿಸಿ. ಚಿಕ್ಕ ಕಿಂಡಿಯಲ್ಲಿ ‘ಟಿ’ ಅಕ್ಷರದ ಪಕ್ಕದ ಗೆರೆ ಬಂದು ಕವರಿನ ಗುರುತಿಗೆ ಸರಿಯಾಗಿ ಕೂರಬೇಕು. ಹತ್ತಿರದಲ್ಲೇ ‘ಎಫ್’ ಗುರುತೂ ಇದೆ. ಅದು ಕಿಡಿ ಹಾರುವ ಜಾಗ, ಪಿಸ್ಟನ್ ಮೇಲಿರುವ ಜಾಗವಲ್ಲ. ಅವಸರದಲ್ಲಿ ‘ಎಫ್’ ಗೆರೆಗೆ ನಿಲ್ಲಿಸಿ ಸೆಟ್ ಮಾಡುವ ತಪ್ಪು ತುಂಬಾ ನಡೆಯುತ್ತದೆ. ಗೆರೆ ದಾಟಿಹೋದರೆ ಅಲ್ಲಿಂದ ಹಿಂದಕ್ಕೆ ತಿರುಗಿಸಿ ಹೊಂದಿಸಬೇಡಿ. ಹಿಂದೆ ತಿರುಗಿಸಿದರೆ ಟೈಮಿಂಗ್ ಚೈನಿನ ಸಡಿಲು ಇನ್ನೊಂದು ಕಡೆಗೆ ಸೇರಿ ಕ್ಯಾಮ್ ಒಂದಿಷ್ಟು ಹಿಂದೆ ಉಳಿಯುತ್ತದೆ. ಇನ್ನೆರಡು ಸುತ್ತು ಮುಂದಕ್ಕೇ ತಿರುಗಿಸಿ ಮತ್ತೆ ಬನ್ನಿ.

‘ಟಿ’ ಕೂತರೆ ಅರ್ಧ ಕೆಲಸ ಅಷ್ಟೇ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ: ಒಮ್ಮೆ ಕಂಪ್ರೆಷನ್ ಮುಗಿದಾಗ, ಒಮ್ಮೆ ಎಕ್ಸಾಸ್ಟ್ ಮುಗಿದಾಗ. ನಮಗೆ ಬೇಕಾದದ್ದು ಕಂಪ್ರೆಷನ್‌ನದು, ಆಗ ಮಾತ್ರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಎರಡೂ ರಾಕರುಗಳನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಎರಡರಲ್ಲೂ ಸಣ್ಣ ಟಕ್ ಟಕ್ ಆಟ ಸಿಕ್ಕರೆ ಸರಿಯಾದ ಜಾಗ. ಸಿಗದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ‘ಟಿ’ಗೆ ಬನ್ನಿ. ನಿಮ್ಮ ಗಾಡಿಯಲ್ಲಿ ಮಾತ್ರ ಒಂದು ತೊಡಕು: ಎಕ್ಸಾಸ್ಟ್ ಗ್ಯಾಪ್ ಸೊನ್ನೆಯಾಗಿದ್ದರೆ ಎರಡು ಜಾಗದಲ್ಲೂ ಆಟ ಸಿಗುವುದಿಲ್ಲ, ದಾರಿ ತಪ್ಪುತ್ತೀರಿ. ಆಗ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ತಿರುಗಿಸಿ. ಗಾಳಿ ಬೆರಳನ್ನು ಹೊರಕ್ಕೆ ತಳ್ಳುತ್ತಾ ಬರುವಾಗಿನ ‘ಟಿ’ಯೇ ಕಂಪ್ರೆಷನ್ ‘ಟಿ’.

ಮೊದಲು ಅಳೆಯಿರಿ, ಸ್ಕ್ರೂ ಮುಟ್ಟಬೇಡಿ. ಈಗ ಸಿಗುವ ಅಳತೆ ಬಲು ಬೆಲೆಯುಳ್ಳದ್ದು, ಆದರೂ ಹೆಚ್ಚಿನವರು ಅದನ್ನು ನೋಡದೆಯೇ ಸ್ಪ್ಯಾನರ್ ಹಾಕಿಬಿಡುತ್ತಾರೆ. ತೆಳು ಪಟ್ಟಿಯಿಂದ ಶುರು ಮಾಡಿ ದಪ್ಪದ ಕಡೆಗೆ ಹೋಗಿ. ಯಾವ ಪಟ್ಟಿ ಸಣ್ಣ ಹಿಡಿತದೊಂದಿಗೆ ಹೋಗುತ್ತದೋ ಅದೇ ಗ್ಯಾಪ್. ಎಣ್ಣೆ ಸವರಿದ ಎರಡು ಗಾಜಿನ ನಡುವೆ ಹಾಳೆ ಎಳೆದಂತೆ ಇರಬೇಕು ಆ ಹಿಡಿತ; ಜಾರಿಹೋಗಲೂ ಬಾರದು, ತುರುಕಬೇಕಾಗಿಯೂ ಬರಬಾರದು. ಬೆರಳ ಅಂದಾಜಿನ ಮೇಲೆ ನಂಬಿಕೆಯಿಲ್ಲದಿದ್ದರೆ ಹೀಗೆ ಮಾಡಿ: ಇನ್ಲೆಟ್‌ಗೆ 0.06 ಸಲೀಸಾಗಿ ಹೋಗಬೇಕು, 0.10 ಸಲೀಸಾಗಿ ಹೋಗಬಾರದು. ಎಕ್ಸಾಸ್ಟ್‌ಗೆ 0.10 ಹೋಗಬೇಕು, 0.14 ಹೋಗಬಾರದು. ಎರಡೂ ಕಡೆ 0.02ರ ವ್ಯತ್ಯಾಸಕ್ಕೆ ಅವಕಾಶ ಇದೆ.

ಇಲ್ಲೇ ಸ್ಕ್ರೂವಿನ ತುದಿಯನ್ನು ಟಾರ್ಚ್ ಹಿಡಿದು ನೋಡಿ. ಹೊಸ ಸ್ಕ್ರೂವಿನ ತುದಿ ನುಣುಪಾಗಿ ತುಸು ಉಬ್ಬಿರುತ್ತದೆ. ಬಹಳ ಓಡಿದ, ಎಣ್ಣೆ ಬದಲಿಸದ ಇಂಜಿನ್‌ನಲ್ಲಿ ಆ ಉಬ್ಬು ಹೋಗಿ ಕಡ್ಡಿಯ ತಲೆ ಕೂತ ಜಾಗದಲ್ಲಿ ಸಣ್ಣ ಬಟ್ಟಲಿನಂಥ ಗುಳಿ ಬಿದ್ದಿರುತ್ತದೆ. ಫೀಲರ್ ಪಟ್ಟಿ ಚಪ್ಪಟೆ, ಅದು ಗುಳಿಯ ಅಂಚಿನ ಮೇಲೆ ಸೇತುವೆಯ ಹಾಗೆ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಗೇಜ್ 0.08 ಎಂದು ತೋರಿಸಿದರೂ ನಿಜವಾದ ಗ್ಯಾಪ್ 0.15 ಇದ್ದೀತು. ‘ಗೇಜ್ ಹಾಕಿ ಸೆಟ್ ಮಾಡಿದರೂ ಸದ್ದು ಹೋಗಲಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಈ ಗುಳಿ. ಅದಕ್ಕೆ ಮದ್ದು ಹೊಸ ಸ್ಕ್ರೂ, ಇನ್ನಷ್ಟು ಟೈಟ್ ಮಾಡುವುದಲ್ಲ.

ಸೆಟ್ ಮಾಡುವಾಗ ರಿಂಗ್ ಸ್ಪ್ಯಾನರ್‌ನಿಂದ ಲಾಕ್‌ನಟ್ ಸಡಿಲಿಸಿ, ಟ್ಯಾಪೆಟ್ ಕೀಲಿಯಿಂದ ಸ್ಕ್ರೂ ತಿರುಗಿಸಿ. ಕಟಿಂಗ್ ಪ್ಲೇಯರ್ ಹಾಕಿ ಸ್ಕ್ರೂವಿನ ತಲೆ ಕೆಡಿಸುವವರ ಕೈಗೆ ಗಾಡಿ ಕೊಡಬೇಡಿ. ಸ್ಕ್ರೂವಿನ ಮರೆ (ಥ್ರೆಡ್) ಬಹಳ ಸಣ್ಣದು. ಒಂದು ಸುತ್ತು ತಿರುಗಿಸಿದರೆ ಅರ್ಧ ಮಿ.ಮೀ. ಇಳಿಯುತ್ತದೆ ಎಂದಿಟ್ಟುಕೊಂಡರೂ 0.05 ಬದಲಾಗಲು ಹತ್ತನೇ ಒಂದು ಸುತ್ತು ಸಾಕು. ಆದ್ದರಿಂದ ಕೈ ಅಲ್ಲಾಡಿದರೂ ಲೆಕ್ಕ ತಪ್ಪುತ್ತದೆ. ಪಟ್ಟಿಯನ್ನು ಸಂದಿನಲ್ಲೇ ಇಟ್ಟು, ಸ್ಕ್ರೂ ಕದಲದಂತೆ ಕೀಲಿಯಲ್ಲಿ ಹಿಡಿದು, ನಟ್ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ನಟ್ ಬಿಗಿಯುವಾಗ ಮರೆಯ ಸಡಿಲು ಎಳೆದುಕೊಂಡು ಗ್ಯಾಪ್ 0.02-0.03 ಬದಲಾಗುವುದು ಮಾಮೂಲು, ಎರಡು-ಮೂರು ಸಲ ಬಿಚ್ಚಿ ಕಟ್ಟಬೇಕಾದರೂ ಬೇಸರಿಸಬೇಡಿ. ನಟ್ಟಿಗೆ ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ. ಮರೆ ಹೋದರೆ ರಾಕರ್ ಬದಲಿಸಬೇಕಾಗುತ್ತದೆ. ಸಡಿಲ ಬಿಟ್ಟರೆ ಇನ್ನೂ ಅಪಾಯ, ನಟ್ ಕಳಚಿ ಕ್ಯಾಮಿನ ಮೇಲೆ ಬೀಳುತ್ತದೆ.

ಎರಡೂ ಮುಗಿದ ಮೇಲೆ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ‘ಟಿ’ಗೆ ತಂದು, ಇನ್ನೊಮ್ಮೆ ಅಳೆಯಿರಿ. ಆ ಅಳತೆ ಸರಿ ಬಂದರೆ ಮುಚ್ಚಳ ಹಾಕಿ. ಗಟ್ಟಿಯಾದ, ಬಿರುಕು ಬಿಟ್ಟ ರಬ್ಬರ್ ಬದಲಿಸಿ, ಹೊಸದಕ್ಕೆ ಬೆರಳಲ್ಲಿ ಇಂಜಿನ್ ಆಯಿಲ್ ಸವರಿ ಕೂರಿಸಿ. ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಹಿಡಿಸಿ, ಆಮೇಲೆ ಸ್ಪ್ಯಾನರ್.

ಸ್ಟಾರ್ಟ್ ಮಾಡಿದಾಗ ಹೊಲಿಗೆ ಯಂತ್ರದ ಹಾಗೆ ಒಂದು ಸಣ್ಣ, ಸಮನಾದ ಟಿಕ್ ಟಿಕ್ ಕೇಳಿಸಬಹುದು. ಕೇಳಿಸಲಿ. ಗಾಳಿಯಲ್ಲೇ ತಣಿಯುವ ಇಂಜಿನ್‌ಗೆ ಅದು ಆರೋಗ್ಯದ ಸದ್ದು. ಟೈಮಿಂಗ್ ಚೈನ್ ಸಡಿಲಾದ ಗರಗರ, ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋಗುವ ಪಿಸ್ಟನ್ನಿನ ಟಕಟಕ ಇವೆಲ್ಲ ಬೇರೆ. ಅವುಗಳನ್ನು ನಿಲ್ಲಿಸಲು ಟ್ಯಾಪೆಟ್ ಟೈಟ್ ಮಾಡುವುದು ಒಂದರ ತಪ್ಪಿಗೆ ಇನ್ನೊಂದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ಗ್ಯಾಪ್ ಸರಿಮಾಡಿದರೂ ಕಿಕ್ ಹಗುರವಾಗಿಯೇ ಇದ್ದರೆ, ಅಂದರೆ ಕಂಪ್ರೆಷನ್ ಬಾರದಿದ್ದರೆ? ಆಗಲೂ ನೇರ ಹಾಫ್ ಇಂಜಿನ್‌ಗೆ ಹಾರಬೇಡಿ. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿಸಿ, ಆಕ್ಸಿಲೇಟರ್ ಪೂರ್ತಿ ತೆರೆದು ಕಿಕ್ ಹೊಡೆದು ಕಂಪ್ರೆಷನ್ ಅಳೆಯಿಸಿ. ನಂತರ ತೂತಿನಲ್ಲಿ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು, ಎರಡು ಸಲ ನಿಧಾನ ತಿರುಗಿಸಿ, ಮತ್ತೆ ಅಳೆಯಿಸಿ. ಎಣ್ಣೆ ಪಿಸ್ಟನ್ ರಿಂಗುಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಅಳತೆ ಚೆನ್ನಾಗಿ ಏರಿದರೆ ರಿಂಗ್, ಬೋರ್ ಸವೆದಿದೆ, ಹಾಫ್ ಇಂಜಿನ್ ಮಾತಿಗೆ ಆಧಾರವಿದೆ. ಅಲ್ಲಾಡದೆ ಹಾಗೇ ನಿಂತರೆ ಸೋರುತ್ತಿರುವುದು ವಾಲ್ವ್. ಕಂಪ್ರೆಸರ್ ಇರುವ ಗ್ಯಾರೇಜಾದರೆ ಕಂಪ್ರೆಷನ್ ‘ಟಿ’ಯಲ್ಲಿ ನಿಲ್ಲಿಸಿ ಪ್ಲಗ್ ತೂತಿನಿಂದ ಗಾಳಿ ತುಂಬಿಸಿ ಕಿವಿಗೊಡಿ: ಸೈಲೆನ್ಸರ್‌ನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್‌ನಲ್ಲಿ ಎಂದರೆ ಇನ್ಲೆಟ್, ಆಯಿಲ್ ಹಾಕುವ ಬಾಯಿಯಲ್ಲಿ ಎಂದರೆ ರಿಂಗ್. ಗಾಳಿ ಬಿಡುವಾಗ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಕ್ರ್ಯಾಂಕ್ ಬೋಲ್ಟಿಗೆ ಹಾಕಿದ ಸ್ಪ್ಯಾನರ್ ತೆಗೆದಿರಲಿ. ಪಿಸ್ಟನ್ ಕೆಳಗೆ ಹಾರಿದರೆ ಅದು ಕೈಗೆ ಬಡಿಯುತ್ತದೆ.

ವಾಲ್ವ್ ಸೋರುತ್ತಿದ್ದರೆ ಹೆಡ್ ಕೆಲಸ ಮಾತ್ರ ಸಾಕು, ಪಿಸ್ಟನ್-ಬೋರ್ ಕಿಟ್ ಬೇಡ. ಗೀರು ಬಿದ್ದ ವಾಲ್ವನ್ನು ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿ ಸರಿಮಾಡುತ್ತೇವೆ ಎಂದರೆ ಒಪ್ಪಬೇಡಿ, ಹೊಸ ವಾಲ್ವ್ ಹಾಕಿಸಿ. ಸೀಟನ್ನು 45 ಡಿಗ್ರಿ ಕಟ್ಟರ್‌ನಲ್ಲಿ ತಿದ್ದಿ, ಪೇಸ್ಟಿನಲ್ಲಿ ಉಜ್ಜಿದಾಗ ವಾಲ್ವಿನ ಸುತ್ತ ಎಲ್ಲೂ ತುಂಡಾಗದ ಬೂದು ಬಣ್ಣದ ಉಂಗುರ ಮೂಡಬೇಕು, ಅಗಲ ಸುಮಾರು 1ರಿಂದ 1.2 ಮಿ.ಮೀ. ಅದಕ್ಕಿಂತ ಬಹಳ ಅಗಲವಾದರೆ ಕೂರುವ ಒತ್ತಡ ಹಂಚಿಹೋಗಿ ಸೋರುತ್ತದೆ, ಬಹಳ ಕಿರಿದಾದರೆ ಬಿಸಿ ಇಳಿಯುವುದಿಲ್ಲ. ವಾಲ್ವ್, ಸ್ಪ್ರಿಂಗ್ ಜೋಡಿಸಿದ ಮೇಲೆ ಪೋರ್ಟಿನೊಳಗೆ (ಹೆಡ್ಡಿನಲ್ಲಿ ವಾಲ್ವಿಗೆ ಹೋಗುವ ದಾರಿಯೊಳಗೆ) ಪೆಟ್ರೋಲ್ ಸುರಿದು ಐದು ನಿಮಿಷ ಬಿಡಲಿ; ವಾಲ್ವಿನ ಅಂಚಿನಲ್ಲಿ ಒಂದು ಹನಿಯೂ ಜಿನುಗಬಾರದು. ನಿಮ್ಮೆದುರಿಗೇ ಮಾಡಿ ತೋರಿಸಲು ಕೇಳಿ, ಒಳ್ಳೆಯ ಕೆಲಸಗಾರರು ಸಂತೋಷದಿಂದ ತೋರಿಸುತ್ತಾರೆ. ಕಡ್ಡಿಯ ಆಯಿಲ್ ಸೀಲ್‌ಗಳನ್ನು ಅದೇ ಕೈಯಲ್ಲಿ ಬದಲಿಸಿಬಿಡಿ. ಸೀಟು ತಿದ್ದಿದ ಮೇಲೆ ಕಡ್ಡಿ ಮೇಲಕ್ಕೆ ಬಂದಿರುತ್ತದೆ, ಹಾಗಾಗಿ ಟ್ಯಾಪೆಟ್ ಹೊಸದಾಗಿ ಸೆಟ್ ಮಾಡಬೇಕು. ಹೊಸ ಸೀಟು ಹೊಂದಿಕೊಳ್ಳುವಾಗ ಗ್ಯಾಪ್ ಮತ್ತೆ ಇಳಿಯುವುದರಿಂದ 500 ಕಿ.ಮೀ.ಗೆ ಇನ್ನೊಮ್ಮೆ ನೋಡಬೇಕು.

ಎಷ್ಟು ಕಿ.ಮೀ.ಗೆ ಒಮ್ಮೆ ಎಂದು ಕೇಳಿದ್ದೀರಿ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದೇ ಮೊದಲ ಮಾತು. ಪುಸ್ತಕ ಕಳೆದುಹೋಗಿದ್ದರೆ ಗಾಳಿಯಲ್ಲೇ ತಣಿಯುವ 100ರಿಂದ 160 ಸಿಸಿ ಗಾಡಿಗೆ 6,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಇಟ್ಟುಕೊಳ್ಳಿ. ಹೊಸ ಗಾಡಿಯ ಮೊದಲ ಸರ್ವಿಸ್‌ನಲ್ಲಿ ತಪ್ಪಿಸಲೇಬೇಡಿ, ಸೀಟು ಹೊಂದಿಕೊಳ್ಳುವುದು ಆ ಮೊದಲ ಸಾವಿರ ಕಿ.ಮೀ.ನಲ್ಲಿ. ಕೆಟಿಎಂ ಡ್ಯೂಕ್ 390ರಂಥ ಇಂಜಿನ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ಗುಂಡಿಯಂಥ ಶಿಮ್ ಬದಲಿಸಬೇಕು, ಕ್ಯಾಮ್ ಇಳಿಸಬೇಕಾದೀತು. ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿದ್ದದ್ದು ಹೈಡ್ರಾಲಿಕ್ ಟ್ಯಾಪೆಟ್, ಎಣ್ಣೆಯ ಒತ್ತಡದಲ್ಲಿ ತಾನೇ ಗ್ಯಾಪ್ ಹೊಂದಿಸಿಕೊಳ್ಳುತ್ತಿತ್ತು. ಆ ಅಭ್ಯಾಸದಲ್ಲಿ 2020ರ ಮೀಟಿಯರ್, 2021ರ ಹೊಸ ಕ್ಲಾಸಿಕ್ ಮಾಲೀಕರೂ ‘ನಮ್ಮದಕ್ಕೆ ಸೆಟ್ಟಿಂಗ್ ಇಲ್ಲ’ ಎಂದುಕೊಂಡಿದ್ದಾರೆ. ಇದೆ, ಆ ಇಂಜಿನ್‌ಗೆ ನೋಡಿಸಲೇಬೇಕು. ಹಳೆಯ ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಇವೆಲ್ಲ ಟೂ ಸ್ಟ್ರೋಕ್, ಅವಕ್ಕೆ ಟ್ಯಾಪೆಟ್ಟೇ ಇಲ್ಲ. ಆ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ತಲೆಮಾರಿಗೆ ಫೀಲರ್ ಗೇಜ್ ಹಿಡಿಯುವ ರೂಢಿ ಬಾರದೆ ಹೋದದ್ದು ಸಹಜವೇ. ಇನ್ನು 2020ರ ನಂತರದ ಫ್ಯುಯೆಲ್ ಇಂಜೆಕ್ಷನ್ ಗಾಡಿಯವರು ಹೆಚ್ಚು ಎಚ್ಚರ ವಹಿಸಬೇಕು. ಐಡ್ಲಿಂಗ್ ಕುಸಿಯತೊಡಗಿದರೆ ಹಲವು ಗಾಡಿಗಳಲ್ಲಿ ಕಂಪ್ಯೂಟರೇ ಅದನ್ನು ಎತ್ತಿ ಹಿಡಿಯುತ್ತದೆ. ನಿಮಗೆ ಸಿಗ್ನಲ್‌ನಲ್ಲಿ ಸಿಕ್ಕ ಮುನ್ಸೂಚನೆ ಅವರಿಗೆ ಅಷ್ಟು ಬೇಗ ಸಿಗುವುದಿಲ್ಲ.

ಪ್ರತಿ ಸಲವೂ ದಿನಾಂಕ, ಕಿ.ಮೀ., ಬಿಚ್ಚುವ ಮೊದಲಿನ ಎರಡು ಅಳತೆ, ಸೆಟ್ ಮಾಡಿದ ಮೇಲಿನ ಎರಡು ಅಳತೆ ಇಷ್ಟನ್ನು ಸರ್ವಿಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. 6,000 ಕಿ.ಮೀ.ಗೆ ಎಕ್ಸಾಸ್ಟ್ 0.12ರಿಂದ 0.11ಕ್ಕೆ ಇಳಿದರೆ ಅದು ಸಾಮಾನ್ಯ ಸವೆತ. ನಿಮ್ಮ ಗಾಡಿಗೆ ಈಗ 0.12 ಸೆಟ್ ಮಾಡಿ, 300 ಕಿ.ಮೀ. ಊರೊಳಗೇ ಓಡಿಸಿ, ಒಂದು ತಣ್ಣನೆಯ ಬೆಳಿಗ್ಗೆ ಮತ್ತೆ ಅಳೆಯಿರಿ. 0.11-0.12 ನಿಂತಿದ್ದು ಸ್ಟಾರ್ಟಿಂಗ್ ಸರಿಯಾಗಿದ್ದರೆ ನಿಮ್ಮ ವಾಲ್ವ್ ಉಳಿದಿದೆ, ಹೈವೇಗೆ ಹೋಗಬಹುದು. 0.08ಕ್ಕೋ ಅದಕ್ಕಿಂತ ಕೆಳಕ್ಕೋ ಬಂದಿದ್ದರೆ ಸೀಟು ಕುಸಿಯುತ್ತಿದೆ. ಮತ್ತೆ ಮತ್ತೆ ಸ್ಕ್ರೂ ಸಡಿಲಿಸುತ್ತಾ ಹೋಗದೆ ಆ ವಾರವೇ ಹೆಡ್ ಇಳಿಸಿ.